ಮಲೆನಾಡಿನ ಮಳೆಗಾಲವೂ ಯಾತ್ರಿಕರ ಅವಿಚಾರವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ನಾಣ್ಣುಡಿಯನ್ನು ಅರಿಯದ ಕನ್ನಡಿಗರಿಲ್ಲ. ಅದರಲ್ಲಿಯೂ ಶಿಕಾರಿಪುರ ಸೊರಬಗಳ ಸೀಮೆಯವರಿಗೆ ದೇಶಸಂಚಾರವು ಹೊಸ ಸಂಗತಿಯಲ್ಲ. ವಿದ್ಯಾರ್ಜನೆಗೋಸ್ಕರ ಗುರುವಿನೊಡನೆ ಕಂಚಿಯವರೆಗೂ ಹೋದ ಮಯೂರಶರ್ಮನ ವೃತ್ತಾಂತವನ್ನು ಸಾರುವ ಕಂಬಶಾಸನವು ತಾಳಗುಂದದಲ್ಲಿ ಇಂದಿಗೂ ನಿಂತಿದೆ. ಅಲ್ಲಮಪ್ರಭುವು ಬಳ್ಳಿಗಾವೆಯವನು; ಮನೆಮಾರುಗಳನ್ನು ತೊರೆದು ಶ್ರೀಶೈಲದ ಕದಳಿಯನ್ನು ಸೇರಿದ ಅಕ್ಕಮಹಾದೇವಿಯು ಉಡುತಡಿಯವಳು. ಆದುದರಿಂದ ಯಾತ್ರೆಯನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಹಳಿಯಬೇಕಾದುದು, ಯಾತ್ರೆಯ ಹೆಸರಿನಲ್ಲಿ ಈಚಿನ ವರ್ಷಗಳಲ್ಲಿ ಬಲವಾಗಿ ಬೇರೂರಿರುವ ಒಂದು ಅಭಿಪ್ರಾಯವನ್ನು. ಮಲೆನಾಡನ್ನು ನೋಡಬೇಕಾದರೆ ಮಳೆಗಾಲದ ನಟ್ಟನಡುವೆಯೇ ನೋಡತಕ್ಕದ್ದು. ಅದಕ್ಕೆ ಸಿದ್ಧತೆಯೆಂದರೆ ಒಂದು ಮಳೆಯಂಗಿಯೂ ಒಂದು ವಾಹನವೂ ಸಾಕು. ಮಿಕ್ಕುದನ್ನು ದೈವವೂ ಸರಕಾರವೂ ನೋಡಿಕೊಳ್ಳುವುವು,—ಇದೇ ಆ ಅಭಿಪ್ರಾಯ. ಇದು ಎಷ್ಟು ಪೊಳ್ಳಾದುದು, ಎಷ್ಟು ಮನೆಗಳ ದೀಪವನ್ನು ಆರಿಸಿದೆ ಎಂಬುದನ್ನು ವಿಚಾರವಂತರು ಒಮ್ಮೆ ಕುಳಿತು ಆಲೋಚಿಸುವುದು ಅವಶ್ಯ.

ಶಿರಾಳಕೊಪ್ಪದ ಬಳಿಯ ತೊಗರ್ಸಿಯು ಬಯಲುಸೀಮೆಗೂ ಮಲೆನಾಡಿಗೂ ನಡುವಣ ಹೊಸ್ತಿಲಿನಂತಿದೆ. ಹಾವೇರಿಯ ಕಡೆಯಿಂದ ಶಿರಾಳಕೊಪ್ಪದ ಮೇಲೆ ಸಾಗರಕ್ಕೂ ಜೋಗಕ್ಕೂ ಕೊಲ್ಲೂರಿಗೂ ಹೋಗುವವರು ಈ ಸೀಮೆಯನ್ನು ದಾಟಿಯೇ ಹೋಗುತ್ತಾರೆ. ಮೂಡಣಕ್ಕೆ ಹತ್ತಿಯೂ ಜೋಳವೂ ಬೆಳೆಯುವ ಬಯಲು. ಪಡುವಣಕ್ಕೆ ಗದ್ದೆ, ಅಡಿಕೆಯ ತೋಟ, ಆಮೇಲೆ ಕಾಡು. ಆಷಾಢದಲ್ಲಿ ಈ ಹೊಸ್ತಿಲನ್ನು ತುಳಿಯುವ ಯಾತ್ರಿಕನು ತೊಗರ್ಸಿಯ ಸುತ್ತಿನ ಜಿನುಗುಮಳೆಯನ್ನು ಕಂಡು, ಮಲೆನಾಡಿನ ಮಳೆಯೆಂದರೆ ಇಷ್ಟೇ ಎಂದು ಭಾವಿಸುವುದುಂಟು. ಅವನ ಮೊದಲನೆಯ ತಪ್ಪು ಇಲ್ಲಿಯೇ ಹುಟ್ಟುತ್ತದೆ. ಪಡುವಣ ಕಡಲಿನಿಂದ ಬೀಸುವ ನೀರುಗಾಳಿಯು ಸಹ್ಯಾದ್ರಿಯ ಗೋಡೆಗೆ ತಾಗಿ ಮೇಲೇರುತ್ತ, ತಣ್ಣಗಾಗುತ್ತ, ತನ್ನ ಹೊರೆಯ ಬಹುಭಾಗವನ್ನು ಘಟ್ಟದ ನೆತ್ತಿಯಲ್ಲಿಯೇ ಇಳುಹಿಬಿಡುತ್ತದೆ. ನೆತ್ತಿಯನ್ನು ದಾಟಿ ಮೂಡಣಕ್ಕೆ ಬಂದಂತೆಲ್ಲ ಮಳೆಯು ಬೇಗಬೇಗನೆ ಇಳಿಮುಖವಾಗುವುದು. ಒಂದೇ ಜಿಲ್ಲೆಯ ಒಂದು ಅಂಚಿನಲ್ಲಿ ರೈತನು ಮುಗಿಲನ್ನು ನೋಡುತ್ತ ಕುಳಿತಿರುವಾಗ ಇನ್ನೊಂದು ಅಂಚಿನಲ್ಲಿ ಹಗಲಿರುಳೂ ಸೂರುನೀರು ನಿಲ್ಲದಿರುವುದು ಇದರಿಂದಲೇ.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಲೆಕ್ಕವನ್ನು ನೋಡಬಹುದು. ಅಲ್ಲಿ ವರ್ಷವೊಂದಕ್ಕೆ ಸರಾಸರಿ ಬೀಳುವ ಮಳೆ ಸುಮಾರು ೭೬೦೦ ಮಿಲಿಮೀಟರು, ಎಂದರೆ ಹಳೆಯ ಲೆಕ್ಕದಲ್ಲಿ ೩೦೦ ಅಂಗುಲ. ೧೯೪೬ರ ಆಗಸ್ಟ್ ತಿಂಗಳೊಂದರಲ್ಲಿಯೇ ೪೫೦೮ ಮಿಲಿಮೀಟರು ಮಳೆ ಸುರಿದುದು ದಾಖಲೆಯಾಗಿದೆ. ಇದನ್ನು ಮೂವತ್ತೊಂದು ದಿನಗಳಿಗೆ ಹಂಚಿದರೆ ದಿನಕ್ಕೆ ೧೪೫ ಮಿಲಿಮೀಟರು ಬರುತ್ತದೆ. ಹವಾಮಾನ ಇಲಾಖೆಯವರು ಒಂದು ದಿನದಲ್ಲಿ ೧೧೫ ಮಿಲಿಮೀಟರಿಗೆ ಮಿಕ್ಕ ಮಳೆಯ ಸಂಭವವಿದ್ದಾಗ ಕಿತ್ತಳೆಯ ಬಣ್ಣದ ಎಚ್ಚರಿಕೆಯನ್ನೂ, ೨೦೪ ಮಿಲಿಮೀಟರಿಗೆ ಮಿಕ್ಕುವ ಸಂಭವವಿದ್ದಾಗ ಕೆಂಪು ಬಣ್ಣದ ಎಚ್ಚರಿಕೆಯನ್ನೂ ಕೊಡುವುದು ಈಗಿನ ವಾಡಿಕೆ. ಆ ಒಂದು ತಿಂಗಳು ಆಗುಂಬೆಯಲ್ಲಿ ಸರಾಸರಿಯ ದಿನವೇ ಕಿತ್ತಳೆಯ ದಿನವಾಗಿತ್ತೆಂದು ಇದರಿಂದ ತಿಳಿಯುವುದು. ಇಂತಹ ಸೀಮೆಗೆ, ಊರಿನ ಜಾತ್ರೆಗೆ ಹೊರಟಂತೆ ಹೊರಡುವವರನ್ನು ಧೈರ್ಯವಂತರೆನ್ನುವುದು ಹೇಗೆ?

ಮಳೆಯ ಪ್ರಮಾಣಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಬಯಲಿನವನು ಮಳೆಯನ್ನು ತನ್ನ ತಲೆಯ ಮೇಲೆ ಬೀಳುವ ಹನಿಯಿಂದ ಅಳೆಯುತ್ತಾನೆ. ಮಲೆನಾಡಿನ ಹೊಳೆಯಾದರೋ, ಕಣ್ಣಿಗೆ ಕಾಣದ ಬೆಟ್ಟದ ನೆತ್ತಿಯಲ್ಲಿ ಬಿದ್ದ ಮಳೆಯನ್ನು ಹೊತ್ತು ತರುತ್ತದೆ. ಕೆಳಗೆ ಬಿಸಿಲು ಹೊಳೆಯುತ್ತಿರುವಾಗಲೇ ಮೇಲಿನಿಂದ ಕೆಂಪುನೀರು ನುಗ್ಗಿ ಬರುವುದು ಅಲ್ಲಿ ಅಸಾಧಾರಣವಲ್ಲ. ೨೦೨೪ರ ಜೂನ್ ೩೦ರಂದು ಮಹಾರಾಷ್ಟ್ರದ ಲೋಣಾವಳದಲ್ಲಿ, ಭುಶಿ ಅಣೆಕಟ್ಟಿನ ಬಳಿಯ ತೊರೆಯೊಂದರ ನಡುವೆ ವಿಹಾರಕ್ಕಾಗಿ ನಿಂತಿದ್ದ ಒಂದು ಕುಟುಂಬವು ನೀರು ಏಕಾಏಕಿ ಏರಿದುದರಿಂದ ಒಬ್ಬರನ್ನೊಬ್ಬರು ಹಿಡಿದುಕೊಂಡಂತೆಯೇ ಕೊಚ್ಚಿಹೋಯಿತು. ಮಕ್ಕಳೂ ಸೇರಿ ಐವರು ಮಡಿದರು. ಅವರು ಈಜಲು ಇಳಿದವರಲ್ಲ. ಬಂಡೆಯ ಮೇಲೆ ನಿಂತಿದ್ದವರು. ದಡದಲ್ಲಿದ್ದವರು ಕೂಗುವುದನ್ನು ಬಿಟ್ಟು ಬೇರೇನನ್ನೂ ಮಾಡಲಾಗಲಿಲ್ಲ. ಸಹ್ಯಾದ್ರಿಯು ಲೋಣಾವಳದಲ್ಲಿ ಒಂದು, ಹೊಸನಗರದಲ್ಲಿ ಮತ್ತೊಂದು ಅಲ್ಲ; ಅದೇ ಬೆಟ್ಟದ ಸಾಲು, ಅದೇ ಪಡುವಣ ಗಾಳಿ.

ಇನ್ನು ಪಂಚಾಂಗವನ್ನು ತೆರೆದು ನೋಡಬೇಕು. ರೈತರು ಮಳೆಗಾಲವನ್ನು ತಿಂಗಳುಗಳಿಂದ ಎಣಿಸದೆ ನಕ್ಷತ್ರಗಳಿಂದ ಎಣಿಸುತ್ತಾರೆ. ಜೂನಿನ ಮೊದಲ ವಾರದ ಕೊನೆಗೆ ಮೃಗಶಿರೆ, ಮೂರನೆಯ ವಾರದ ಕೊನೆಗೆ ಆರಿದ್ರೆ, ಅನಂತರ ಹದಿನೈದು ದಿನಗಳಿಗೊಮ್ಮೆ ಎಂಬಂತೆ ಪುನರ್ವಸು, ಪುಷ್ಯ, ಆಶ್ಲೇಷೆ, ಮಘೆಗಳು ಹೂಡುತ್ತವೆ. ಭುಶಿ ಅಣೆಕಟ್ಟಿನ ಬಳಿ ಆ ಕುಟುಂಬವು ಕೊಚ್ಚಿಹೋದುದು ಆರಿದ್ರೆಯಲ್ಲಿ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಗಂಗಾವಳಿಗೆ ನೂಕಿದುದು ಪುನರ್ವಸುವಿನಲ್ಲಿ. ಅದೇ ಜುಲೈ ೩೦ರಂದು, ಜನರು ಮಲಗಿದ್ದಾಗಲೇ ವಯನಾಡಿನ ಚೂರಲ್‌ಮಲೆ ಮುಂಡಕ್ಕೈಗಳನ್ನು ಬೆಟ್ಟದ ಮಣ್ಣು ಮುಚ್ಚಿದುದು ಪುಷ್ಯದಲ್ಲಿ. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿ ಘಟ್ಟವು ಕುಸಿದು ದಾರಿ ಕಟ್ಟಿದುದು ಆಶ್ಲೇಷೆಯಲ್ಲಿ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದುದು ಆಶ್ಲೇಷೆ ಮುಗಿದು ಮಘೆ ಹುಟ್ಟುವ ಸಂಧಿಯಲ್ಲಿ. ಇವು ಐದೂ ಆಕಸ್ಮಿಕವೆಂದು ಹೇಳುವವರು ಪಂಚಾಂಗವನ್ನು ಮದುವೆಗೆ ಮಾತ್ರ ನೋಡುವವರಾಗಿರಬೇಕು. ಮೃಗಶಿರೆಯ ಮೊದಲ ನೀರನ್ನು ನೆಲವು ಕುಡಿಯುತ್ತದೆ. ಆರಿದ್ರೆ ಪುನರ್ವಸುಗಳ ನೀರಿನಿಂದ ತೋಯ್ದು ತಣಿಯುತ್ತದೆ. ಆಮೇಲೆ ಬಿದ್ದ ನೀರಿಗೆ ಮಣ್ಣಿನಲ್ಲಿ ಎಡೆಯಿಲ್ಲ. ಭಾರವಾದ ಮಣ್ಣು ಬಂಡೆಯ ಮೇಲಿನ ಹಿಡಿತವನ್ನು ಬಿಡುವುದು ಆಗಲೇ. ಆರಿದ್ರೆಯಿಂದ ಮಘೆಯವರೆಗಿನ ಎರಡು ತಿಂಗಳೂ ಕೆಲವು ದಿನಗಳೂ ಘಟ್ಟದ ವಿಹಾರಕ್ಕೆ ತಕ್ಕ ಕಾಲವಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಈ ವಿವೇಕವು ಪರದೇಶದಿಂದ ಬಂದುದೂ ಅಲ್ಲ. ಊರೂರು ಅಲೆಯುವುದನ್ನೇ ಧರ್ಮವಾಗಿ ಉಳ್ಳ ಸಂನ್ಯಾಸಿಗಳು ಆಷಾಢದಲ್ಲಿ ಒಂದೆಡೆ ನಿಂತು ಚಾತುರ್ಮಾಸ್ಯವನ್ನು ಆಚರಿಸುತ್ತಾರೆ. ಜೈನಮುನಿಗಳಿಗೂ ಬೌದ್ಧಭಿಕ್ಷುಗಳಿಗೂ ವರ್ಷಾವಾಸವು ವಿಧಿಸಲ್ಪಟ್ಟಿದೆ. ಮಳೆಯಲ್ಲಿ ಮೊಳೆಯುವ ಸಣ್ಣ ಜೀವಗಳನ್ನು ತುಳಿಯಬಾರದೆಂಬ ಕರುಣೆಯು ಅದಕ್ಕೆ ಒಂದು ಕಾರಣ. ಪ್ರಾಣದ ಹಂಗನ್ನು ತೊರೆದವರೇ ಮಳೆಗಾಲದಲ್ಲಿ ನಿಂತುಕೊಳ್ಳುವಾಗ, ಹೆಂಡಿರು ಮಕ್ಕಳನ್ನು ಜೊತೆಯಲ್ಲಿಟ್ಟುಕೊಂಡ ಗೃಹಸ್ಥನಿಗೆ ನಿಲ್ಲಲು ಬಾರದೆ? ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ ೧೧೬೨ನೆಯ ಇಸವಿಯ ಶಾಸನವು, ಆ ಮಠವು ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಪರದೇಶಿಗಳಿಗೂ ಅನ್ನವಿಕ್ಕುವ ಎಡೆಯೆಂದೂ, ರೋಗಿಗಳಿಗೆ ಔಷಧವನ್ನು ಕೊಡುವ ಎಡೆಯೆಂದೂ, ಸಕಲ ಜೀವಿಗಳಿಗೂ ಅಭಯವನ್ನು ಕೊಡುವ ಎಡೆಯೆಂದೂ ವರ್ಣಿಸುತ್ತದೆ. ಎಂಟೂವರೆ ಶತಮಾನಗಳಿಗೂ ಹಿಂದೆ ಈ ಸೀಮೆಯವರು ಯಾತ್ರಿಕನ ಅಭಯವನ್ನು ಕಲ್ಲಿನಲ್ಲಿ ಬರೆಯಿಸಿದರು. ದಾರಿಗಳು ಸುಗಮವಾಗಿ, ಸೇತುವೆಗಳು ಎದ್ದು, ಒಂದು ದಿನದ ದಾರಿಯು ಎರಡು ಗಳಿಗೆಯದಾಗಿರುವ ಈ ಕಾಲದಲ್ಲಿ ಆ ಅಭಯದ ಚಿಂತೆಯು ಯಾರಿಗೂ ಬೇಡವಾಗಿರುವುದು ಶೋಚನೀಯವಲ್ಲವೆ?

ಇಷ್ಟು ಹೇಳಿದರೆ ಎದುರುವಾದಿಗಳು ಸುಮ್ಮನಿರುವವರಲ್ಲ. ಅವರು ಹೇಳುವುದರಲ್ಲಿ ಮೊದಲನೆಯದೇನೆಂದರೆ: ಮಲೆನಾಡಿನವರು ಅದೇ ಮಳೆಯಲ್ಲಿ ಓಡಾಡಿಕೊಂಡಿಲ್ಲವೆ? ಅವರಿಗಿಲ್ಲದ ಭಯವು ಯಾತ್ರಿಕರಿಗೇಕೆ? ಇದು ಕೇಳಲು ಯುಕ್ತಿಯಂತೆ ತೋರುವುದು, ವಿಚಾರಿಸಿದರೆ ನಿಲ್ಲದು. ಮಲೆನಾಡಿನವನು ಮಳೆಗಾಲದಲ್ಲಿ ಓಡಾಡದಿರುವುದಕ್ಕೋಸ್ಕರವೇ ಬೇಸಗೆಯೆಲ್ಲ ದುಡಿಯುತ್ತಾನೆ. ಸೌದೆಯನ್ನು ಕೊಟ್ಟಿಗೆಗೆ ಸೇರಿಸುತ್ತಾನೆ. ದನಗಳಿಗೆ ಹುಲ್ಲನ್ನು ಒಟ್ಟುತ್ತಾನೆ. ಮನೆಯ ಹೆಂಗಸರು ಹಪ್ಪಳ ಸಂಡಿಗೆ ಉಪ್ಪಿನಕಾಯಿಗಳನ್ನು ಮಾಡಿಡುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಔಷಧವನ್ನು ಹೊಡೆಯುವುದು ಅವನ ಜೀವನದ ಪ್ರಶ್ನೆ. ಆದರೂ ಮಳೆ ಬಿಟ್ಟು ಹೊಳವಾಗುವವರೆಗೆ ಅವನು ಕಾಯುತ್ತಾನೆ, ಪಾಚಿಗಟ್ಟಿದ ಮರವನ್ನು ಸುಮ್ಮನೆ ಹತ್ತುವುದಿಲ್ಲ. ಕಂಬಳಿಕೊಪ್ಪೆಯನ್ನೋ ಗೊರಬನ್ನೋ ಹೊದ್ದು ಹೊರಟರೂ, ಯಾವ ಹಳ್ಳವು ಯಾವ ಮಳೆಗೆ ಎಷ್ಟು ಏರುವುದೆಂಬುದು ಅವನಿಗೆ ತಂದೆಯಿಂದ ಬಂದ ತಿಳಿವಳಿಕೆ.

ಇಷ್ಟು ಅರಿತವರಿಗೂ ಮಳೆಯು ದಯೆ ತೋರುವುದಿಲ್ಲ. ೨೦೨೨ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಎಳೆಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಅವಳ ಮನೆಯು ಹಳ್ಳದ ಆಚೆಗಿತ್ತು, ಶಾಲೆಯು ಈಚೆಗಿತ್ತು. ದಾಟದೆ ಅವಳಿಗೆ ಗತಿಯಿರಲಿಲ್ಲ. ದಾಟಲೇಬೇಕಾದವರು ಪ್ರಾಣವನ್ನು ಕೈಯಲ್ಲಿ ಹಿಡಿದು ದಾಟುವ ನೀರಿಗೆ, ದಾಟುವ ಯಾವ ಅಗತ್ಯವೂ ಇಲ್ಲದವರು ನಗುನಗುತ್ತ ಇಳಿಯುವುದನ್ನು ನೋಡಿದಾಗ ಆ ಊರಿನವರ ಮನಸ್ಸು ಏನೆನ್ನುವುದೆಂಬುದನ್ನು ವಿಹಾರಪ್ರಿಯರು ಊಹಿಸಿಕೊಳ್ಳಲಿ.

ಎರಡನೆಯ ಮಾತು: ಅಪಾಯವಿದ್ದರೆ ಸರಕಾರದವರು ದಾರಿಯನ್ನು ಮುಚ್ಚುತ್ತಿರಲಿಲ್ಲವೆ? ದಾರಿ ತೆರೆದಿದೆಯೆಂದರೆ ಅಪಾಯವಿಲ್ಲವೆಂದೇ ಅರ್ಥ, ಎಂಬುದು. ಈ ಮಾತನ್ನಾಡುವವರಲ್ಲಿ ಕೆಲವರು ಮುಚ್ಚಿದ ದಾರಿಯ ಅಡ್ಡಗಟ್ಟೆಯನ್ನು ಬಳಸಿ ಹೋಗುವವರೂ ಆಗಿರುವುದು ವಿಚಿತ್ರ. ಆಗುಂಬೆಯ ಘಟ್ಟದಲ್ಲಿ ಭಾರದ ವಾಹನಗಳನ್ನು ಮಳೆಗಾಲದಲ್ಲಿ ತಡೆಯುವುದೂ, ಅರಣ್ಯದೊಳಗಿನ ಜಲಪಾತಗಳಿಗೆ ಪ್ರವೇಶವನ್ನು ನಿಲ್ಲಿಸುವುದೂ ನಡೆದೇ ಇದೆ. ಹಾಗೆ ನಿಲ್ಲಿಸಿದಾಗ ಅದನ್ನು ತಮ್ಮ ಸ್ವಾತಂತ್ರ್ಯಕ್ಕೆ ಬಂದ ಕುಂದೆಂದು ಕೂಗಾಡುವವರೇ, ತೆರೆದಿಟ್ಟ ಎಡೆಯಲ್ಲಿ ಅನಾಹುತವಾದಾಗ ಏಕೆ ಮುಚ್ಚಲಿಲ್ಲವೆಂದು ಕೇಳುತ್ತಾರೆ. ಸರಕಾರವು ನಿರ್ದೋಷಿಯೆಂದು ಇದರ ಅಭಿಪ್ರಾಯವಲ್ಲ. ಹೆದ್ದಾರಿಯನ್ನು ಅಗಲಿಸುವ ಆತುರದಲ್ಲಿ ಬೆಟ್ಟದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದು, ನೀರು ಹೋಗಲು ದಾರಿಯಿಡದೆ ಬಿಟ್ಟವರು ಅದಕ್ಕೆ ಉತ್ತರವನ್ನು ಕೊಡಲೇಬೇಕು. ಶಿರೂರಿನಲ್ಲಿ ಅಂದು ಹೆದ್ದಾರಿಯು ತೆರೆದೇ ಇತ್ತು. ಗುಡ್ಡದ ಕೆಳಗಿನ ಚಹದಂಗಡಿಯೂ ತೆರೆದಿತ್ತು. ಲಾರಿಗಳು ಅಲ್ಲಿ ನಿಂತಿದ್ದವು. ತೆರೆದ ದಾರಿಯು ಅಭಯಪತ್ರವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಿಲ್ಲ. ಕಡಿದ ಗುಡ್ಡದ ಕೆಳಗೆ ಮಳೆಯಲ್ಲಿ ವಾಹನವನ್ನು ನಿಲ್ಲಿಸದೆ ಮುಂದೆ ಸಾಗುವ ವಿವೇಕವನ್ನು ಯಾವ ಇಲಾಖೆಯೂ ಯಾತ್ರಿಕನ ತಲೆಯಲ್ಲಿ ತುಂಬಲಾರದು.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು; ಎಲ್ಲಕ್ಕಿಂತ ಹೆಚ್ಚು ಸುಳ್ಳಾದುದೂ ಹೌದು. ‘ಪ್ರಾಣ ತನ್ನದು, ಅಪಾಯವೂ ತನ್ನದು, ಇತರರಿಗೇನು?’ ಎಂದು ತರುಣರು ಕೇಳುತ್ತಾರೆ. ೨೦೨೩ರ ಜುಲೈಯಲ್ಲಿ ಕೊಲ್ಲೂರಿನ ಬಳಿಯ ಅರಸಿನಗುಂಡಿಯಲ್ಲಿ, ಜಲಪಾತದೆದುರಿನ ಬಂಡೆಯಂಚಿನಲ್ಲಿ ನಿಂತಿದ್ದ ತರುಣನೊಬ್ಬನು ಜೊತೆಗಾರನು ಚಿತ್ರವನ್ನು ತೆಗೆಯುತ್ತಿರುವಂತೆಯೇ ಜಾರಿ ಬಿದ್ದನು. ಅವನ ದೇಹವು ದೊರೆಯಲು ಒಂದು ವಾರ ಹಿಡಿಯಿತು. ಆ ವಾರವೆಲ್ಲ ಕುಂಭದ್ರೋಣ ಮಳೆಯಲ್ಲಿ, ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಆ ಪ್ರವಾಹದ ಬಾಯಲ್ಲಿ ಹುಡುಕಿದವರಿಗೆ ಪ್ರಾಣವಿರಲಿಲ್ಲವೆ? ಶಿರೂರಿನಲ್ಲಿ ಹೊಳೆಯ ಪಾಲಾದ ಲಾರಿಯನ್ನು ಮೇಲೆತ್ತುವುದಕ್ಕೆ ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಅಗ್ನಿಶಾಮಕದಳದವನು, ಅರಣ್ಯರಕ್ಷಕನು, ಮುಳುಗುಗಾರನು, ಊರಿನ ಹುಡುಗನು,—ಇವರೆಲ್ಲರ ಮನೆಯಲ್ಲಿಯೂ ದೀಪ ಹಚ್ಚಿಕೊಂಡು ಕಾಯುವವರುಂಟು. ಹಾದಿ ತಪ್ಪಿದ ಯಾತ್ರಿಕನನ್ನು ಹುಡುಕಿಕೊಂಡು ಕತ್ತಲಲ್ಲಿ ಕಾಡಿಗೆ ಇಳಿಯುವವನು ಚಿತ್ರ ತೆಗೆಯಿಸಿಕೊಳ್ಳಲು ಹೋಗುವವನಲ್ಲ. ಹಿಂದಿರುಗುವ ಎಡೆಯನ್ನೂ ಹಿಂದಿರುಗುವ ಹೊತ್ತನ್ನೂ ಮೊದಲೇ ಗೊತ್ತುಮಾಡಿಕೊಳ್ಳದೆ ಹೊರಟವನು ಪಣವಾಗಿ ಒಡ್ಡುವುದು ತನ್ನ ಪ್ರಾಣವನ್ನಲ್ಲ, ಅವರದನ್ನು. ಪರರ ಹಣದಲ್ಲಿ ಜೂಜಾಡುವುದು ಪಾಪವಾದರೆ ಪರರ ಪ್ರಾಣದಲ್ಲಿ ಜೂಜಾಡುವುದಕ್ಕೆ ಏನೆಂದು ಹೆಸರಿಡಬೇಕು?

ಹಾಗಾದರೆ ಮಳೆ ನಿಂತ ಮೇಲೆ, ಬೇಸಗೆಯಲ್ಲಿ ಹೋದರೆ ಯಾವ ಭಯವೂ ಇಲ್ಲವೆ ಎಂದು ಕೇಳುವವರಿಗೂ ಸೊರಬದ ನೆಲವೇ ಉತ್ತರವನ್ನು ಕೊಟ್ಟಿದೆ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದುವು. ಸುತ್ತಿನ ಹಳ್ಳಿಗರು ಜ್ವರದಿಂದ ಮಲಗಿದರು. ಆ ವರ್ಷವೇ ಪುಣೆಯ ವಿಷಾಣು ಸಂಶೋಧನಾ ಕೇಂದ್ರದವರು ಅದರ ವಿಷಾಣುವನ್ನು ಕಂಡುಹಿಡಿದರು. ಅಂದಿನಿಂದ ಲೋಕದ ವೈದ್ಯಗ್ರಂಥಗಳಲ್ಲಿ ಈ ಸೀಮೆಯ ಕಾಡಿನ ಹೆಸರು ಒಂದು ರೋಗದ ಹೆಸರಾಗಿ ನಿಂತಿದೆ. ಜನರು ಅದನ್ನು ಮಂಗನ ಕಾಯಿಲೆಯೆನ್ನುತ್ತಾರೆ. ಕಾಡಿನ ಉಣುಗು ಕಚ್ಚಿದುದರಿಂದ ಹರಡುವ ಈ ಕಾಯಿಲೆಯ ಕಾಲವು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಎಂದರೆ ಮಳೆಯಿಲ್ಲದ ದಿನಗಳು. ತಗುಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಜನರು ಸಾಯುವರೆಂದು ವೈದ್ಯರ ಅಂದಾಜು. ೨೦೧೯ರ ಮೊದಲ ತಿಂಗಳುಗಳಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮಾಡಿದ ಹಾವಳಿಯನ್ನು ಆ ಭಾಗದವರು ಮರೆತಿಲ್ಲ. ಆದುದರಿಂದ ಚಳಿಗಾಲ ಬೇಸಗೆಗಳಲ್ಲಿ ಕಾಡನ್ನು ಹೊಗುವವನು ಮೈತುಂಬ ಬಟ್ಟೆಯನ್ನು ತೊಟ್ಟು, ಉಣುಗನ್ನು ದೂರವಿಡುವ ತೈಲವನ್ನು ಸವರಿಕೊಂಡು, ಒಣಗಿದ ಎಲೆಗಳ ಮೇಲೆ ಕುಳ್ಳಿರದೆ, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಗಳನ್ನು ಒಗೆಯತಕ್ಕದ್ದು. ಮಂಗವು ಸತ್ತು ಬಿದ್ದ ಸುದ್ದಿಯಿರುವ ಕಾಡಿಗೆ ಹೋಗಲೇಕೂಡದು. ಹೋಗಿ ಬಂದ ಮೇಲೆ ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದುದು ಕಾಡಿಗೆ ಹೋಗಿದ್ದ ಸಂಗತಿಯನ್ನೇ.

ಒಂದು ಕಾಲಕ್ಕೆ ಗುಡ್ಡ ಕುಸಿಯುವ ಭಯ, ಇನ್ನೊಂದು ಕಾಲಕ್ಕೆ ಉಣುಗಿನ ಭಯವಾದರೆ ಮಲೆನಾಡನ್ನು ನೋಡುವುದೇ ಬೇಡವೇ? ಹಾಗಲ್ಲ. ಹಸ್ತೆಯ ಮಳೆಯಿಂದ ಸ್ವಾತಿಯ ಮಳೆಯವರೆಗೆ, ಎಂದರೆ ಸೆಪ್ಟೆಂಬರಿನ ಕೊನೆಯಿಂದ ನವೆಂಬರಿನ ಮೊದಲ ದಿನಗಳವರೆಗೆ, ಹೊಳೆಗಳು ತುಂಬಿಯೂ ತಿಳಿಯಾಗಿಯೂ ಇರುತ್ತವೆ, ಗದ್ದೆಗಳು ಹಸುರಾಗಿರುತ್ತವೆ, ಕಾಯಿಲೆಯ ಕಾಲವು ಇನ್ನೂ ಮೊದಲಾಗಿರುವುದಿಲ್ಲ. ಸಿಡಿಲಿನ ಭಯವೊಂದುಂಟು, ಮಧ್ಯಾಹ್ನದ ಮೇಲೆ ಬಯಲಲ್ಲಿಯೂ ನೆತ್ತಿಯ ಮೇಲೂ ನಿಲ್ಲದಿದ್ದರೆ ಅದಕ್ಕೂ ಪರಿಹಾರವುಂಟು. ಜೋಗವನ್ನು ನೋಡುವ ಆತುರದವರಂತೂ ಆಷಾಢದಲ್ಲಿ ಓಡುವುದರಿಂದ ಪಡೆಯುವುದು ಅತ್ಯಲ್ಪ. ೮೩೦ ಅಡಿಗಳಿಂದ ಧುಮುಕುವ ಆ ನೀರು ಮಳೆಗೆ ಮಾತ್ರ ಅಧೀನವಾಗಿದ್ದ ಕಾಲವು ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದುದರೊಡನೆ ಮುಗಿಯಿತು. ಜಲಾಶಯವು ತುಂಬಿ ಬಾಗಿಲು ತೆರೆದಾಗಲೇ ಶರಾವತಿಯು ಹಿಂದಿನ ಶರಾವತಿಯಾಗುತ್ತಾಳೆ. ಒಳ್ಳೆಯ ಮಳೆಯ ವರ್ಷಗಳಲ್ಲಿ ಅದು ಬಹುಮಟ್ಟಿಗೆ ಮಳೆಗಾಲದ ಉತ್ತರಾರ್ಧದಲ್ಲಿ. ಆರಿದ್ರೆಯಲ್ಲಿ ಹೋದವನಿಗೆ ಅನೇಕ ವೇಳೆ ದೊರೆಯುವುದು ಬಿಳಿಯ ಮಂಜಿನ ಪರದೆ ಮಾತ್ರ.

ಮಳೆಗಾಲದಲ್ಲಿಯೇ ಹೊರಡಬೇಕೆಂಬ ಹಂಬಲವುಳ್ಳವರಿಗೆ ತೊಗರ್ಸಿಯ ಸುತ್ತಿನ ನಾಡೇ ಸಾಲದೆ? ಬಳ್ಳಿಗಾವೆಯ ಕೇದಾರೇಶ್ವರ ತ್ರಿಪುರಾಂತಕೇಶ್ವರರ ಗುಡಿಗಳಿಗೆ ಕಲ್ಲಿನ ಮಾಡುಂಟು, ತಾಳಗುಂದದಲ್ಲಿ ಪ್ರಣವೇಶ್ವರನುಂಟು, ತೊಗರ್ಸಿಯಲ್ಲಿಯೇ ಮಲ್ಲಿಕಾರ್ಜುನನುಂಟು, ವರದೆಯ ದಡದಲ್ಲಿ ಬನವಾಸಿಯುಂಟು. ಸೊರಬದ ಗುಡವಿಯ ಕೆರೆಯಲ್ಲಿ ಬಿಳಿಯ ಕೆಂಬರಲುಗಳು ಮರಮರಗಳಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿಯೇ. ಘಟ್ಟದ ಅಂಚಿಗೆ ಹೋಗದೆಯೂ ಮಳೆಯ ಸೊಗಸನ್ನು ಕಾಣಬಹುದೆಂಬುದಕ್ಕೆ ಇಷ್ಟು ಸಾಕು.

ಇದನ್ನೆಲ್ಲ ಕೇಳಿಯೂ ಘಟ್ಟಕ್ಕೆ ಹೋಗಬೇಕಾದ ಕಾರ್ಯವುಳ್ಳವರು ಉಂಟು. ಅವರಾದರೂ ಕೆಲವು ಕಟ್ಟಳೆಗಳನ್ನು ಮೀರಬಾರದು. ಹೊರಡುವ ಹಿಂದಿನ ದಿನವೂ ಹೊರಡುವ ಬೆಳಗ್ಗೆಯೂ ಹವಾಮಾನ ಇಲಾಖೆಯ ಸೂಚನೆಯನ್ನು ನೋಡತಕ್ಕದ್ದು. ಕಿತ್ತಳೆಯೋ ಕೆಂಪೋ ಇದ್ದರೆ ಪ್ರಯಾಣವನ್ನು ನಿಲ್ಲಿಸತಕ್ಕದ್ದು. ಎಣಿಸಿದ ದಿನಗಳಿಗೆ ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಳ್ಳತಕ್ಕದ್ದು. ನಾಳೆಯೇ ಕಚೇರಿಗೆ ಹಾಜರಾಗಬೇಕೆಂಬ ಅವಸರದಲ್ಲಿ ರಾತ್ರಿ ಘಟ್ಟವಿಳಿದು ಕೆಟ್ಟವರು ಬಹುಮಂದಿ. ಘಟ್ಟವನ್ನು ಹಗಲಿನಲ್ಲಿಯೇ, ಇಳಿಜಾರಿನಲ್ಲಿ ಬ್ರೇಕನ್ನು ಮಾತ್ರ ನಂಬದೆ ಕೆಳಗಿನ ಗೇರಿನಲ್ಲಿಯೇ ಇಳಿಯತಕ್ಕದ್ದು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಅದು ಮೊಣಕಾಲಿನಷ್ಟೇ ಇದ್ದರೂ ವಾಹನವನ್ನು ಇಳಿಸಕೂಡದು. ಕೆಳಗೆ ಸೇತುವೆಯು ಉಳಿದಿದೆಯೇ ಎಂಬುದು ಮೇಲಿನಿಂದ ಕಾಣುವುದಿಲ್ಲ. ತೊರೆಯ ಬಳಿ ನಿಂತಿರುವಾಗ ನೀರಿನ ಬಣ್ಣವು ಕೆಂಪಾದರೆ, ಎಲೆ ಕಡ್ಡಿಗಳು ತೇಲಿಬರತೊಡಗಿದರೆ, ಸದ್ದು ಹೆಚ್ಚಿದರೆ, ಸಾಮಾನುಗಳನ್ನು ಅಲ್ಲಿಯೇ ಬಿಟ್ಟು ಎತ್ತರಕ್ಕೆ ಏರತಕ್ಕದ್ದು. ಗುಡ್ಡದ ಮೇಲಿನ ಮರಗಳು ವಾಲಿದ್ದರೆ, ನೆಲ ಬಿರಿದಿದ್ದರೆ, ಒರತೆಯ ನೀರು ಇದ್ದಕ್ಕಿದ್ದಂತೆ ಕದಡಿದರೆ, ಆ ಎಡೆಯಲ್ಲಿ ರಾತ್ರಿಯನ್ನು ಕಳೆಯಕೂಡದು.

ಮೈಗೆ ಸಂಬಂಧಪಟ್ಟ ಮಾತುಗಳೂ ಕೆಲವಿವೆ. ಇಂಬಳವು ಹತ್ತಿದರೆ ಕೂಗಾಡಬೇಕಾದುದಿಲ್ಲ. ಅದರಿಂದ ಪ್ರಾಣಭಯವಿಲ್ಲ, ಬಿಡಿಸಿ ಗಾಯವನ್ನು ತೊಳೆದರಾಯಿತು. ಭಯಪಡಬೇಕಾದುದು ಕಾಲಿನ ಗಾಯದೊಡನೆ ನಿಂತ ನೀರನ್ನು ತುಳಿಯುವುದಕ್ಕೆ, ಏಕೆಂದರೆ ಇಲಿಜ್ವರವು ಹತ್ತುವುದು ಅಲ್ಲಿಂದ. ನೀರನ್ನು ಕಾಯಿಸಿ ಆರಿಸಿ ಕುಡಿಯಬೇಕು. ಎಲ್ಲಿಗೆ ಹೋಗುವುದು, ಎಷ್ಟು ಹೊತ್ತಿಗೆ ಮರಳುವುದು ಎಂಬುದನ್ನು ಊರಿನಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೋಗತಕ್ಕದ್ದು. ಕಾಡಿನ ಕಣಿವೆಗಳಲ್ಲಿ ಮೊಬೈಲು ಮೂಕವಾಗುವುದೆಂಬುದನ್ನು ಮರೆಯಬಾರದು. ಸಂಪರ್ಕವಿರುವೆಡೆಯಲ್ಲಿ ೧೧೨ ಎಂಬ ಸಂಖ್ಯೆಯು ಆಪತ್ತಿಗೆ ಒದಗುವುದು. ೧೩೪೩ ಮೀಟರು ಎತ್ತರದ ಕೊಡಚಾದ್ರಿಯನ್ನು ಏರುವವನು ನಡುಹಗಲಿಗೆ ಎಲ್ಲಿದ್ದರೆ ಅಲ್ಲಿಂದಲೇ ಹಿಂದಿರುಗುವೆನೆಂದು ಮನೆಯಲ್ಲಿಯೇ ನಿಶ್ಚಯಿಸಿಕೊಂಡಿರಬೇಕು. ಮಂಜಿನಲ್ಲಿ ನಿಂತು ಮಾಡುವ ನಿಶ್ಚಯವು ನಿಶ್ಚಯವಲ್ಲ. ಎಲ್ಲಕ್ಕಿಂತಲೂ ಮಿಗಿಲಾಗಿ, ಆ ಊರಿನವನೊಬ್ಬನು ‘ಇವತ್ತು ಬೇಡ’ ಎಂದರೆ ಎದುರಾಡಕೂಡದು.

ಈ ಮಾತನ್ನು ಹೇಳಬೇಕಾದ ಊರಿನವರಲ್ಲಿಯೂ ಕೆಲವರು ಹೇಳುತ್ತಿಲ್ಲವೆಂಬುದೇ ದುಃಖದ ಸಂಗತಿ. ಅತಿಥಿಗಳಿಗೆ ವಸತಿಯನ್ನು ಬಾಡಿಗೆಗೆ ಕೊಡುವವರಲ್ಲಿ, ಬುಕ್ಕಿಂಗ್ ತಪ್ಪಿಹೋದೀತೆಂಬ ಭಯದಿಂದ, ‘ಏನೂ ಆಗುವುದಿಲ್ಲ, ಬನ್ನಿ’ ಎನ್ನುವವರುಂಟು. ಉಣ್ಣಲಿಕ್ಕಿ ಅಪಾಯವನ್ನು ಮರೆಮಾಚುವುದು ಆತಿಥ್ಯವಲ್ಲ, ವ್ಯಾಪಾರ. ವ್ಯಾಪಾರದಲ್ಲಿಯೂ ಕೆಟ್ಟ ವ್ಯಾಪಾರ. ಸಾಹಿತಿಗಳೂ ಇದರಲ್ಲಿ ಪಾಲುದಾರರೇ. ಬೆಚ್ಚನೆಯ ಜಗಲಿಯಲ್ಲಿ ಕುಳಿತು ಮಳೆಯನ್ನು ವರ್ಣಿಸಿ, ಜಲಪಾತಕ್ಕೆ ಹೆಣ್ಣಿನ ಉಪಮೆಯನ್ನು ಕೊಟ್ಟು, ಹಾದಿಯ ಪಾಚಿಯ ವಿಷಯದಲ್ಲಿ ಒಂದಕ್ಷರವನ್ನೂ ಬರೆಯದ ಪ್ರವಾಸಲೇಖಕರು ಎಷ್ಟು ಮಂದಿ! ಮಲೆನಾಡಿನ ಮಹಾಕವಿಯಾದ ಕುವೆಂಪು ಅವರ ಕಾದಂಬರಿಗಳಲ್ಲಿ ಮಳೆಯ ಸೊಬಗು ಎಷ್ಟುಂಟೋ ಮಳೆಯ ಕಷ್ಟವೂ ಅಷ್ಟುಂಟು. ಕೆಸರು, ಇಂಬಳ, ಜ್ವರ, ಕತ್ತಲು ಯಾವುದನ್ನೂ ಅವರು ಮುಚ್ಚಿಟ್ಟವರಲ್ಲ. ಅನುಕರಿಸುವವರು ಅರ್ಧವನ್ನು ಮಾತ್ರ ಅನುಕರಿಸುವುದು ಓದುಗರಿಗೆ ಮಾಡುವ ದ್ರೋಹ.

ಆದುದರಿಂದ ಹೊಸ್ತಿಲಿನ ಊರುಗಳ ಸಂಘಸಂಸ್ಥೆಗಳು ಮುಂದೆ ಬರಬೇಕಾಗಿದೆ. ಶಿಕಾರಿಪುರ, ಶಿರಾಳಕೊಪ್ಪ, ಸೊರಬಗಳ ಬಸ್ಸು ನಿಲ್ದಾಣಗಳಲ್ಲಿ ಆಯಾ ದಿನದ ಮಳೆಯ ಎಚ್ಚರಿಕೆಯನ್ನೂ ಮುಚ್ಚಿದ ದಾರಿಗಳನ್ನೂ ಕಪ್ಪುಹಲಗೆಯ ಮೇಲೆ ತಿಳಿಗನ್ನಡದಲ್ಲಿ ಬರೆದಿಡುವುದಕ್ಕೆ ಸೀಮೆಸುಣ್ಣದ ತುಂಡೊಂದರ ಹೊರತು ಬೇರೆ ವೆಚ್ಚವಿಲ್ಲ. ಶಾಲೆಗಳ ಉಪಾಧ್ಯಾಯರು ಮಕ್ಕಳ ಪ್ರವಾಸವನ್ನು ಆರಿದ್ರೆಯಿಂದ ಮಘೆಯವರೆಗೆ ಘಟ್ಟದ ಕಡೆಗೆ ಹೂಡಬಾರದು. ಡಿಸೆಂಬರಿನಿಂದ ಅದೇ ಹಲಗೆಯ ಮೇಲೆ ಮಂಗನ ಕಾಯಿಲೆಯ ಕಾಡುಗಳ ಹೆಸರು ಬರಬೇಕು. ಕೋಡಿಯ ಮಠದವರು ತಮ್ಮ ಕಾಲಕ್ಕೆ ತಕ್ಕಂತೆ ಅನ್ನವನ್ನೂ ಔಷಧವನ್ನೂ ಅಭಯವನ್ನೂ ಕೊಟ್ಟರು. ಅನ್ನಕ್ಕೆ ಈಗ ಹೋಟಲುಗಳಿವೆ, ಔಷಧಕ್ಕೆ ಆಸ್ಪತ್ರೆಗಳಿವೆ. ಅಭಯವನ್ನು ಕೊಡುವ ಕೆಲಸವು ಮಾತ್ರ ವಾರಸುದಾರರಿಲ್ಲದೆ ಬಿದ್ದಿದೆ. ಅದನ್ನು ಕೈಗೆತ್ತಿಕೊಳ್ಳುವುದಕ್ಕೆ ಮುಂದಿನ ಮೃಗಶಿರೆಯವರೆಗೆ ಕಾಲಾವಕಾಶವುಂಟು. ಆರಿದ್ರೆಯವರೆಗೆ ತಡಮಾಡುವುದು ತರವಲ್ಲ.